‘ಚಲೋ ಐತ್ರಿ’ ಅಂದದ್ದಕ್ಕೆ

ನಿಮ್ಮ ಫೋನಿಗೂ ಇಂಥ ಮೆಸೇಜ್ ಬಂದಿರುತ್ತದೆ. ‘ಸರ್, ಹೊಸ ಆ್ಯಪ್ ಮಾಡಿದ್ದೇವೆ. ಒಂದು ಸಲ ಬಳಸಿ ನೋಡಿ, ಹೇಗಿದೆ ಅಂತ ಹೇಳಿ.’ ಡೇರಿ ಹಾಲಿನ ಲೆಕ್ಕ ಇಡುವ ಆ್ಯಪ್ ಇರಬಹುದು, ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುವುದಿರಬಹುದು, ಮಹಿಳಾ ಸಂಘದ ಪುಸ್ತಕ ಬರೆಯುವುದಿರಬಹುದು. ನಾವು ಏನು ಮಾಡುತ್ತೇವೆ? ತೆರೆಯುತ್ತೇವೆ, ನಾಲ್ಕು ಕಡೆ ಒತ್ತಿ ನೋಡುತ್ತೇವೆ, ‘ಸೂಪರ್ ಸರ್’ ಅಂತ ಬರೆದು ಪಕ್ಕಕ್ಕೊಂದು ಹೆಬ್ಬೆಟ್ಟು ಹಾಕುತ್ತೇವೆ. ಸಂಜೆಗೆ ಸ್ಟೋರೇಜ್ ಸಾಲದು ಅಂತ ಅದನ್ನು ಅಳಿಸುತ್ತೇವೆ.

ನಾವೂ ಹಾಗೇ ಮಾಡಿದೆವು. ಆಮೇಲೆ ಒಬ್ಬ ಹೆಣ್ಣುಮಗಳ ಮನೆ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾವನ್ನು ಒಂದೇ ಬೆಂಚಿನಲ್ಲಿ ಕೂತು ಮುಗಿಸಿದವರು. ಹಾವೇರಿ ಜಿಲ್ಲೆಯ ಅಕ್ಕಪಕ್ಕದ ಎರಡು ತಾಲೂಕುಗಳಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತೇವೆ. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಬರುತ್ತದೆ. ಇಬ್ಬರಿಗೂ ಸೇರಿ ಓಡುವ ಬೈಕ್ ಒಂದೇ. ಹೆಸರೂ ಅಚ್ಚಾಗುವುದಿಲ್ಲ. ‘ನಮ್ಮ ವರದಿಗಾರರಿಂದ’ ಅಂತ ಇರುತ್ತದಲ್ಲ, ಅದು ನಾವು. ಕೆಳಗೆ ಹೇಳುವ ಸುದ್ದಿಯನ್ನು ಇಬ್ಬರಲ್ಲಿ ಯಾರು ಕಳಿಸಿದ್ದು ಅಂತ ಗೆಳೆಯರು ಈಗಲೂ ಕೇಳುತ್ತಾರೆ. ಹೇಳಬಾರದು ಅಂತ ನಮ್ಮಿಬ್ಬರಲ್ಲೇ ಮಾತಾಗಿದೆ. ಐದು ನಕ್ಷತ್ರ ಒತ್ತಿದ್ದಂತೂ ಇಬ್ಬರೂ.

ಸುದ್ದಿ ಹುಡುಕುವುದಕ್ಕಿಂತ ಟೈಪ್ ಮಾಡುವುದೇ ನಮಗೆ ದೊಡ್ಡ ಕೆಲಸ. ದಿನಕ್ಕೆ ಐದಾರು ಸುದ್ದಿ. ಸಭೆ, ಅಪಘಾತ, ಜಾತ್ರೆ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ. ಮೊದಲೆಲ್ಲ ಹಾಳೆಯ ಮೇಲೆ ಬರೆದು, ಸೈಬರ್ ಸೆಂಟರಿಗೆ ಹೋಗಿ, ನುಡಿಯಲ್ಲಿ ಟೈಪ್ ಮಾಡಿಸಿ ಕಳಿಸುತ್ತಿದ್ದೆವು. 2017ರಲ್ಲಿ ಗೂಗಲ್ ಕನ್ನಡಕ್ಕೂ ವಾಯ್ಸ್ ಟೈಪಿಂಗ್ ತಂದ ಮೇಲೆ ಫೋನಿಗೆ ಹೇಳಿ ಬರೆಸುವುದು ರೂಢಿಯಾಯಿತು. ಆದರೆ ಅದಕ್ಕೆ ಪುಸ್ತಕದ ಕನ್ನಡದಲ್ಲಿ ಹೇಳಬೇಕು. ಎದುರಿಗಿದ್ದವರು ‘ನೀರ ಬಿಟ್ಟಿಲ್ರಿ, ಬೆಳಿ ಒಣಗಾಕತ್ತಾವು’ ಅಂದರೆ ನಾವು ಅದನ್ನು ಮನಸ್ಸಿನಲ್ಲೇ ತಿರುಗಿಸಿ, ‘ನೀರು ಬಿಟ್ಟಿಲ್ಲ, ಬೆಳೆ ಒಣಗುತ್ತಿದೆ’ ಅಂತ ಫೋನಿಗೆ ಒಪ್ಪಿಸಬೇಕು. ಬಸ್ ನಿಲ್ದಾಣದಲ್ಲಿ ನಿಂತು ಹೀಗೆ ಒಬ್ಬನೇ ಭಾಷಣ ಮಾಡುತ್ತಿದ್ದರೆ ಮಂದಿ ನೋಡುವ ನೋಟವೇ ಬೇರೆ.

ಇಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಹುಡುಗ ನಮ್ಮಲ್ಲಿಗೆ ಬಂದ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕಂಪನಿಯಲ್ಲಿ ಅವನೂ ಸೇರಿ ನಾಲ್ಕೇ ಜನ. ಅವರ ಆ್ಯಪ್ ಏನು ಮಾಡುತ್ತದೆ ಅಂದರೆ, ನಾವು ಮಂದಿಯ ಮಾತನ್ನು ರೆಕಾರ್ಡ್ ಮಾಡಿಕೊಂಡರೆ ಸಾಕು, ಅದೇ ಕೇಳಿ, ಅದೇ ಬರೆದು, ಅದೇ ಪೇಪರ್ ಕನ್ನಡಕ್ಕೆ ತಿರುಗಿಸಿ, ತಲೆಬರಹ ಹಾಕಿ ಕೊಡುತ್ತದೆ. ಸುತ್ತಲಿನ ಜಿಲ್ಲೆಗಳಿಂದ ಹನ್ನೊಂದು ಜನ ವರದಿಗಾರರನ್ನು ಸೇರಿಸಿ ವಾಟ್ಸ್‌ಆ್ಯಪ್ ಗುಂಪು ಮಾಡಿದ. ಎರಡು ತಿಂಗಳು ಬಳಸಿ ನೋಡಬೇಕು, ಹೇಗಿದೆ ಅಂತ ಹೇಳಬೇಕು, ಬದಲಿಗೆ ಅವರು ನಮ್ಮ ಫೋನ್ ರೀಚಾರ್ಜ್ ಮಾಡಿಸುತ್ತಾರೆ.

ಹುಡುಗ ಒಳ್ಳೆಯವನು. ನಮ್ಮ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು, ಅವ್ವನ ಕಾಲಿಗೆ ನಮಸ್ಕಾರ ಮಾಡಿ ಹೋದ. ಮನೆಯಲ್ಲಿ ಉಂಡು ಹೋದವನ ಮಾಲಿಗೆ ಹೆಸರಿಡುವುದುಂಟೆ? ನಮ್ಮ ಕಡೆ ಯಾರಾದರೂ ಹೊಸ ಅಂಗಡಿ ತೆಗೆದರೆ, ಹೊಸ ಮನೆ ಕಟ್ಟಿಸಿದರೆ, ಸೊಸೆ ಮೊದಲ ಸಲ ಹೋಳಿಗೆ ಮಾಡಿದರೆ ಏನಂತೇವೆ? ‘ಚಲೋ ಐತ್ರಿ.’ ಹೋಳಿಗೆ ಕಲ್ಲಿನಂತಿದ್ದರೂ ಅದೇ ಮಾತು. ಅದು ತಪ್ಪೂ ಅಲ್ಲ. ಹೋಳಿಗೆಯ ವಿಷಯದಲ್ಲಿ.

ಮೊದಲ ವಾರದಲ್ಲೇ ನಡೆದದ್ದು. ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು, ‘ಇವತ್ತ ಸಂಜಿ ಬಸ್ ಬರಂಗಿಲ್ಲಂತ’ ಅಂದದ್ದನ್ನು ರೆಕಾರ್ಡ್ ಮಾಡಿ ಆ್ಯಪಿಗೆ ಹಾಕಿದೆವು. ಅದು ಬರೆದುಕೊಟ್ಟಿತು: ‘ಇಂದು ಸಂಜೆ ಬಸ್ ಬರಲಿದೆ ಎಂದು ತಿಳಿದುಬಂದಿದೆ.’ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಸ್ಕ್ರೀನ್‌ಶಾಟ್ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡು, ಕಣ್ಣೀರು ಬರುವ ನಗುಮೊಗಗಳನ್ನು ಸಾಲಾಗಿ ಹಾಕಿದೆವು. ಕಂಪನಿಯ ಗುಂಪಿಗೆ ಹಾಕಲಿಲ್ಲ.

ವಾರದ ಕೊನೆಗೆ ಒಂದು ಫಾರ್ಮ್ ಬಂತು. ‘ಆ್ಯಪ್ ಎಷ್ಟು ನಿಖರವಾಗಿದೆ?’ ಐದು ನಕ್ಷತ್ರ. ‘ಬಳಸಲು ಸುಲಭವೇ?’ ಐದು ನಕ್ಷತ್ರ. ‘ಈ ಆ್ಯಪನ್ನು ನಿಮ್ಮ ಗೆಳೆಯರಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು, 0ಯಿಂದ 10ರೊಳಗೆ ಹೇಳಿ.’ ಹತ್ತು. ಕೊನೆಗೆ ಒಂದು ಖಾಲಿ ಡಬ್ಬಿ ಇತ್ತು, ಏನಾದರೂ ಬರೆಯುವುದಿದ್ದರೆ ಬರೆಯಿರಿ ಅಂತ. ‘ಕನ್ನಡಕ್ಕೆ ನಿಮ್ಮ ಸೇವೆ ಹೀಗೇ ಮುಂದುವರಿಯಲಿ’ ಅಂತ ಬರೆದೆವು. ರಾಜ್ಯೋತ್ಸವದ ಭಾಷಣದ ರೂಢಿ, ಬೆರಳು ತಾನಾಗಿಯೇ ಬರೆಯಿತು.

ಯಾಕೆ ಹಾಗೆ ಮಾಡಿದೆವು ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇವೆ. ರೊಟ್ಟಿಯ ದಾಕ್ಷಿಣ್ಯ ಒಂದಾಯಿತು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ. ಈ ಕಂಪನಿ ಬೆಳೆದರೆ ಜಿಲ್ಲೆಗೊಬ್ಬ ಸಂಯೋಜಕ ಬೇಕಾಗುತ್ತಾನೆ, ಆಗ ನಮ್ಮ ಹೆಸರು ನೆನಪಾಗಲಿ ಅಂತ ಆಸೆ ಇತ್ತು. ಮತ್ತೂ ಒಂದಿತ್ತು, ಅದು ಬಹುಶಃ ನಿಮಗೂ ಇದೆ. ಆ್ಯಪ್ ತಪ್ಪು ಮಾಡಿದರೆ ನಮಗೇ ಬಳಸಲು ಬರಲಿಲ್ಲವೇನೋ ಅಂತ ಅನುಮಾನ. ನಮ್ಮ ಕನ್ನಡವೇ ಸರಿಯಿಲ್ಲವೇನೋ, ನಮ್ಮ ಫೋನೇ ಹಳೆಯದೇನೋ. ‘ಹಳ್ಳಿಯವರಿಗೆ ತಿಳಿಯಲಿಲ್ಲ’ ಅಂದುಕೊಂಡಾರು ಅನ್ನುವ ಹೆದರಿಕೆ. ಹೊಸ ಚಪ್ಪಲಿ ಕಾಲು ಕಚ್ಚಿದರೆ ಚಪ್ಪಲಿಯನ್ನು ಬೈಯುವ ನಾವು, ಆ್ಯಪ್ ಕಚ್ಚಿದರೆ ನಮ್ಮ ಕಾಲನ್ನೇ ಬೈದುಕೊಳ್ಳುತ್ತೇವೆ.

ಇದಾಗಿ ಐದಾರು ವಾರಕ್ಕೆ ತಾಲೂಕಿನಲ್ಲಿ ಜನರ ಅಹವಾಲು ಕೇಳುವ ಸಭೆ ನಡೆಯಿತು. ಅರವತ್ತರ ಆಸುಪಾಸಿನ ಒಬ್ಬ ಅವ್ವ ಮೈಕ್ ಹಿಡಿದರು. ಮಳೆಗೆ ಮಣ್ಣಿನ ಗೋಡೆ ಬಿದ್ದು ಮನೆ ಹೋಗಿತ್ತು. ತಲಾಠಿ ಬಂದು ಪಂಚನಾಮೆ ಮಾಡಿಕೊಂಡು ಹೋಗಿದ್ದರು. ಮಗ ಇಲ್ಲ, ಮೊಮ್ಮಗನನ್ನು ಕಟ್ಟಿಕೊಂಡು ತಗಡಿನ ಶೆಡ್ಡಿನಲ್ಲಿ ಇದ್ದರು. ಅವರು ಹೇಳಿದ ಮಾತು ಇಷ್ಟೇ: ‘ಮನಿ ಬಿದ್ದ ಎರಡ ವರ್ಷ ಆತ್ರಿ, ಪರಿಹಾರ ಬಂದಿಲ್ರಿ.’

ಅವತ್ತು ಏಳು ಸುದ್ದಿ ಇದ್ದವು. ಸಂಜೆ ಕರೆಂಟ್ ಬೇರೆ ಹೋಗಿತ್ತು, ಫೋನಿನಲ್ಲಿ ಹದಿನೆಂಟು ಪರ್ಸೆಂಟ್ ಚಾರ್ಜ್. ರೆಕಾರ್ಡನ್ನು ಆ್ಯಪಿಗೆ ಹಾಕಿದೆವು. ಎರಡು ನಿಮಿಷದಲ್ಲಿ ಇಡೀ ಸಭೆಯ ವರದಿ ಕೈಗೆ ಬಂತು. ಮೇಲಿಂದ ಕೆಳಗೆ ಕಣ್ಣಾಡಿಸಿದೆವು, ಎಲ್ಲೂ ಎಡವಲಿಲ್ಲ. ಕಳಿಸಿಬಿಟ್ಟೆವು. ಅದರಲ್ಲಿ ಅವ್ವನ ಹೆಸರು, ಊರಿನ ಹೆಸರಿನ ಮುಂದೆ ಹೀಗಿತ್ತು: ‘ಮನೆ ಬಿದ್ದು ಎರಡು ವರ್ಷಗಳ ಬಳಿಕ ಪರಿಹಾರ ಬಂದಿದೆ ಎಂದು ತಿಳಿಸಿದರು.’

ಇಲ್ಲೊಂದು ಮಾತು. ನುಡಿಯಲ್ಲಿ ಟೈಪ್ ಮಾಡುವಾಗ ತಪ್ಪಾದರೆ ತಪ್ಪು ತಪ್ಪಿನಂತೆಯೇ ಕಾಣುತ್ತದೆ. ಒತ್ತಕ್ಷರ ಮುರಿದಿರುತ್ತದೆ, ದೀರ್ಘ ಬಿಟ್ಟುಹೋಗಿರುತ್ತದೆ, ಕಣ್ಣು ನಿಲ್ಲುತ್ತದೆ. ಈ ಆ್ಯಪ್ ತಪ್ಪಿಗೂ ಇಸ್ತ್ರಿ ಹೊಡೆದು ಕೊಡುತ್ತದೆ. ವಾಕ್ಯ ಎಷ್ಟು ನೆಟ್ಟಗಿತ್ತು ಅಂದರೆ ಡೆಸ್ಕಿನವರೂ ಎಡವಲಿಲ್ಲ. ಮರುದಿನ ಅಚ್ಚಾಯಿತು.

ನಾಲ್ಕನೆಯ ದಿನ ಆ ಅವ್ವ ಮೊಮ್ಮಗನನ್ನು ಕರೆದುಕೊಂಡು ನಮ್ಮನ್ನು ಹುಡುಕಿಕೊಂಡು ಬಂದರು. ಪೇಪರಿನ ತುಂಡನ್ನು ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು. ಅವರಿಗೆ ಓದು ಬರುವುದಿಲ್ಲ, ಮೊಮ್ಮಗ ಓದಿ ಹೇಳಿದ್ದ. ಅಷ್ಟರಲ್ಲಿ ಊರೆಲ್ಲ ಓದಿತ್ತು. ಕಿರಾಣಿ ಅಂಗಡಿಯವನು ಹಳೆಯ ಉದ್ರಿ ಕೇಳಿದ್ದ. ಗಂಡನ ಅಣ್ಣ ಬಂದು, ಬಿದ್ದ ಮನೆ ಹಿರಿಯರದು, ಅದರ ರೊಕ್ಕದಲ್ಲಿ ನನಗೂ ಪಾಲು ಐತಿ ಅಂತ ಜಗಳ ತೆಗೆದಿದ್ದ. ಕಚೇರಿಗೆ ವಿಚಾರಿಸಲು ಹೋದರೆ ಅಲ್ಲೊಬ್ಬರು, ‘ನೀವೇ ಸಭಾದಾಗ ಬಂದೈತಿ ಅಂತ ಹೇಳೀರಲ್ಲ, ಪೇಪರಿನ್ಯಾಗ ಐತಿ’ ಅಂದು ಕಳಿಸಿದ್ದರು.

‘ತಮ್ಮಾ, ನಾ ಹಿಂಗ ಅಂದಿದ್ನೇನು?’ ಅಂತ ಕೇಳಿದರು.

ರೆಕಾರ್ಡ್ ಇನ್ನೂ ಫೋನಿನಲ್ಲಿತ್ತು, ಹಾಕಿದೆವು. ‘ಬಂದಿಲ್ರಿ’ ಅನ್ನುವ ಮಾತು ಗಂಟೆ ಹೊಡೆದ ಹಾಗೆ ಕೇಳಿಸಿತು. ಅವ್ವ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮ ಫೋನ್ ಚಲೋ ಕೇಳೈತಿ. ಮತ್ತ ಬರದಾವ್ರು ಯಾರು?’ ಅಂದರು.

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ್ಯಪ್ ಬರೆಯಿತು ಅಂತ ಹೇಳಬಹುದಿತ್ತು. ಹೇಳಿದ್ದರೆ ಅವರಿಗೆ ಅದೇನು ಅಂತ ತಿಳಿಯುತ್ತಲೂ ಇರಲಿಲ್ಲ, ಅದು ಪೂರ್ತಿ ನಿಜವೂ ಆಗುತ್ತಿರಲಿಲ್ಲ.

ಡೆಸ್ಕಿಗೆ ಫೋನ್ ಮಾಡಿದೆವು. ಬೈಸಿಕೊಂಡೆವು. ಎರಡು ದಿನ ಬಿಟ್ಟು ಎರಡು ಸಾಲಿನ ತಿದ್ದುಪಡಿ ಬಂತು, ಮೂಲೆಯಲ್ಲಿ, ಹರಾಜು ಪ್ರಕಟಣೆಯ ಕೆಳಗೆ. ಹತ್ತು ಪ್ರತಿ ಕೊಂಡು ಅವ್ವನ ಊರಿಗೆ ಹೋದೆವು. ಒಂದನ್ನು ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿದೆವು, ಒಂದನ್ನು ಅರ್ಜಿಯ ಜೊತೆ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆವು. ಅಂಗಡಿಯವನು ನಂಬಿದ. ಗಂಡನ ಅಣ್ಣ ನಂಬಲಿಲ್ಲ. ‘ಪಾಲು ಕೊಡೂದು ಬ್ಯಾಡ ಅಂತ ರೊಕ್ಕ ಕೊಟ್ಟು ಹಾಕಿಸ್ಯಾಳ’ ಅಂದ. ಅವರಿಬ್ಬರ ಮಾತು ಇವತ್ತಿಗೂ ನಿಂತಿದೆ.

ಆ ರಾತ್ರಿ ನಮ್ಮಿಬ್ಬರ ಚಾಟ್ ಮೇಲಕ್ಕೆ ಸರಿಸುತ್ತ ಹೋದರೆ ಆ ಬಸ್ಸಿನ ಸ್ಕ್ರೀನ್‌ಶಾಟ್ ಸಿಕ್ಕಿತು. ‘ಬರಂಗಿಲ್ಲ’ ಹೋಗಿ ‘ಬರಲಿದೆ’ ಆದದ್ದು. ಕೆಳಗೆ ಸಾಲಾಗಿ ನಗುಮೊಗಗಳು. ಅದೇ ತಪ್ಪು. ಐದಾರು ವಾರದ ಮೊದಲೇ ನಮಗೆ ಗೊತ್ತಿದ್ದ ತಪ್ಪು. ಗೊತ್ತಿಲ್ಲದೇ ಇದ್ದಿದ್ದರೆ ಒಂದು ಮಾತು.

ಕಂಪನಿಗೆ ಬರೆಯಲು ಕೂತೆವು. ಮೊದಲು ಬರೆದದ್ದು, ‘ನಿಮ್ಮ ಆ್ಯಪ್ ದಂಡ, ಒಬ್ಬರ ಮನೆ ಹಾಳು ಮಾಡಿದಿರಿ’ ಅಂತ. ಕಳಿಸುವ ಮೊದಲು ಓದಿದರೆ ‘ಸೂಪರ್ ಸರ್’ಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಅವನಿಗೆ ತಿಳಿಯುವಂಥದ್ದು ಏನೂ ಇಲ್ಲ. ಅಳಿಸಿ, ಡಿಪ್ಲೊಮಾದ ಮೊದಲ ವಾರ ಕಲಿಸಿದಂತೆ ಬರೆದೆವು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ. ಯಾವ ಫೋನು, ಅದರಲ್ಲಿ ಎಷ್ಟು ಜಾಗ ಖಾಲಿ ಇತ್ತು, ಸಭೆಯಲ್ಲಿ ಫ್ಯಾನ್ ಸದ್ದು ಎಷ್ಟಿತ್ತು, ಮಾತಾಡಿದವರಿಂದ ಫೋನ್ ಎಷ್ಟು ದೂರ, ಅವರು ಆಡಿದ ಮಾತು ಅಕ್ಷರಶಃ ಏನು, ಆ್ಯಪ್ ಬರೆದದ್ದು ಅಕ್ಷರಶಃ ಏನು, ನಾವು ಏನು ನೋಡದೆ ಬಿಟ್ಟೆವು, ಅದರಿಂದ ಯಾರಿಗೆ ಏನಾಯಿತು. ಬಸ್ಸಿನ ಸ್ಕ್ರೀನ್‌ಶಾಟನ್ನೂ ಜೊತೆಗಿಟ್ಟೆವು, ಅದರ ತಾರೀಖು ಕಾಣುವ ಹಾಗೆ.

ಅದಾದ ಮೇಲೆ ಇಬ್ಬರೂ ಕೂತು ಬೇರೆ ಮಾತುಗಳನ್ನೂ ಹೇಳಿ ನೋಡಿದೆವು. ‘ಆಗಂಗಿಲ್ಲ’, ‘ಕೊಟ್ಟಿಲ್ರಿ’, ‘ಹೋಗಬ್ಯಾಡ’, ‘ಸಿಗಲಾರ್ದ್ದಕ್ಕ’. ಸದ್ದಿಲ್ಲದ ಕೋಣೆಯಲ್ಲಿ ನಿಧಾನವಾಗಿ ಹೇಳಿದರೆ ಸರಿ ಬರೆಯುತ್ತಿತ್ತು. ಉದ್ದ ವಾಕ್ಯದ ಕೊನೆಯಲ್ಲಿ, ಅವಸರದಲ್ಲಿ, ನಮ್ಮ ಕಡೆಯ ಮಂದಿ ನುಂಗಿ ಆಡುವ ಹಾಗೆ ಆಡಿದರೆ ‘ಇಲ್ಲ’ ಮಾಯವಾಗುತ್ತಿತ್ತು. ಅಂಕಿಗಳದ್ದೂ ಅದೇ ಕತೆ. ‘ಹದಿನೆಂಟೂವರಿ ಸಾವಿರ’ ಅಂದರೆ ಅರ್ಧ ಬಿಟ್ಟು ‘18 ಸಾವಿರ’ ಅನ್ನುತ್ತಿತ್ತು. ಮೆಣಸಿನಕಾಯಿ ಕ್ವಿಂಟಲಿಗೆ ಐದುನೂರು ರೂಪಾಯಿ ಅಂದರೆ ಏನು ಅಂತ ಬ್ಯಾಡಗಿಗೆ ಚೀಲ ಹೊತ್ತವರಿಗೆ ಹೇಳಬೇಕಿಲ್ಲ. ಇದೆಲ್ಲ ಸೇರಿ ಎರಡು ಪುಟವಾಯಿತು. ಎರಡು ತಿಂಗಳಲ್ಲಿ ನಾವು ಕೊಟ್ಟ ನಿಜವಾದ ಅಭಿಪ್ರಾಯ ಅದೊಂದೇ.

ಹುಡುಗ ಮರುದಿನ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ. ಕ್ಷಮೆ ಕೇಳುತ್ತಾನೆ ಅಂದುಕೊಂಡಿದ್ದೆವು. ಕೇಳಿದ, ಆದರೆ ಅದಕ್ಕೂ ಮೊದಲು, ‘ಸರ್, ನೀವೇ ಐದು ಸ್ಟಾರ್ ಕೊಟ್ಟಿದ್ರಲ್ಲ?’ ಅಂದ. ಸಿಟ್ಟಿನಿಂದ ಅಲ್ಲ. ಅಳುವವನ ದನಿ ಇತ್ತು. ಹನ್ನೊಂದರಲ್ಲಿ ಒಂಬತ್ತು ಜನ ಒಂಬತ್ತೋ ಹತ್ತೋ ಅಂಕ ಕೊಟ್ಟಿದ್ದೆವಂತೆ. ಅದನ್ನೇ ಹಿಡಿದುಕೊಂಡು ಅವರು ಮುಂದಿನ ಕೆಲಸ ಅಂತ ಫೋಟೊ ಶೀರ್ಷಿಕೆ ಬರೆಯುವ ಸೌಲಭ್ಯ ಮಾಡಲು ಹೊರಟಿದ್ದರು. ಮಾತು ಕೇಳಿಸಿಕೊಳ್ಳುವ ಕಡೆ ಎಲ್ಲ ಸರಿ ಇದೆ ಅಂತ ಆ ಕೆಲಸ ನಿಲ್ಲಿಸಿದ್ದರು. ನಾಲ್ಕು ಜನರ ಕಂಪನಿ, ಕೈಯಲ್ಲಿದ್ದ ದುಡ್ಡು ಕೆಲವೇ ತಿಂಗಳಿನದು. ನಮ್ಮ ಹತ್ತು ಅಂಕ ಅವರ ಒಂದು ತಿಂಗಳನ್ನು ತಿಂದಿತ್ತು.

ಆ ಅಂಕದ ಲೆಕ್ಕವನ್ನೂ ಆಗಲೇ ತಿಳಿದೆವು. ‘ಗೆಳೆಯರಿಗೆ ಶಿಫಾರಸು ಮಾಡುತ್ತೀರಾ’ ಅನ್ನುವ ಆ ಪ್ರಶ್ನೆಯನ್ನು 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಅನ್ನುವವರು ಬರೆದು ಬಳಕೆಗೆ ತಂದರಂತೆ. ಅದರಲ್ಲಿ 9, 10 ಕೊಟ್ಟವರು ಮೆಚ್ಚಿದವರು. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. 0ಯಿಂದ 6ರವರೆಗೆ ಕೊಟ್ಟವರು ಬೈಯುವವರು. ನಮ್ಮ ಗುಂಪಿನ ಒಬ್ಬ ಹಿರಿಯ ವರದಿಗಾರರು ಆ್ಯಪ್ ಬಹಳ ಮೆಚ್ಚಿ ಆರು ಕೊಟ್ಟಿದ್ದರು. ನೂರಕ್ಕೆ ಅರವತ್ತು ಅಂದರೆ ಫಸ್ಟ್ ಕ್ಲಾಸ್ ಅಲ್ಲವೇ! ಕಂಪನಿಯವರು ಅವರನ್ನು ಬೈಯುವವರ ಪಟ್ಟಿಗೆ ಸೇರಿಸಿದ್ದರು. ಬೇರೆ ದೇಶದ ಅಳತೆಗೋಲು ತಂದು ನಮ್ಮ ಮೈ ಅಳೆದರೆ ಅಂಗಿ ಹೀಗೇ ಆಗುತ್ತದೆ.

ಹಾಗಾಗಿ ತಪ್ಪೆಲ್ಲ ನಮ್ಮದೇ ಅಂತಲೂ ನಾವು ಒಪ್ಪುವುದಿಲ್ಲ. ‘ಹೇಗಿದೆ ಸರ್, ಇಷ್ಟ ಆಯ್ತಾ?’ ಅಂತ ಕೇಳಿದರೆ ಈ ಜಿಲ್ಲೆಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಅದು ಪ್ರಶ್ನೆಯಲ್ಲ, ಕುಶಲ ವಿಚಾರಣೆ. ರಾಬ್ ಫಿಟ್ಜ್‌ಪ್ಯಾಟ್ರಿಕ್ ಅನ್ನುವವರು 2013ರಲ್ಲಿ ‘ದಿ ಮಾಮ್ ಟೆಸ್ಟ್’ ಅನ್ನುವ ಪುಸ್ತಕ ಬರೆದಿದ್ದಾರೆ. ಹುಡುಗನೇ ಅದರ ವಿಷಯ ಹೇಳಿದ. ಮಗ ಏನೇ ಮಾಡಿದರೂ ತಾಯಿ ಚೆನ್ನಾಗಿದೆ ಅನ್ನುತ್ತಾಳೆ, ಅದಕ್ಕೇ ನಿನ್ನ ಆಲೋಚನೆ ಹೇಗಿದೆ ಅಂತ ಅವಳನ್ನು ಕೇಳಬೇಡ. ಹೋದ ಸಲ ಆ ಕೆಲಸವನ್ನು ಅವಳು ಹೇಗೆ ಮಾಡಿದಳು, ಎಲ್ಲಿ ತೊಡಕಾಯಿತು, ಎಷ್ಟು ಖರ್ಚಾಯಿತು ಅಂತ ಕೇಳು ಅನ್ನುವುದು ಅದರ ತಿರುಳು. ‘ಓದಿದ್ದೆ ಸರ್, ಆದ್ರೂ ಫಾರ್ಮಲ್ಲಿ ಅದನ್ನೇ ಕೇಳ್ಬಿಟ್ಟೆ’ ಅಂದ. ಪಾಪ, ನಾವೂ ಐದು ಪ್ರಶ್ನೆ ಓದಿದ್ದೆವಲ್ಲ.

ಶಾನ್ ಎಲ್ಲಿಸ್ ಅನ್ನುವ ಇನ್ನೊಬ್ಬರ ಪ್ರಶ್ನೆಯೂ ಇದೆಯಂತೆ. ‘ನಾಳೆಯಿಂದ ಈ ಆ್ಯಪ್ ಇಲ್ಲ ಅಂದರೆ ನಿಮಗೆ ಎಷ್ಟು ಬೇಸರವಾಗುತ್ತದೆ?’ ನೂರಕ್ಕೆ ನಲವತ್ತು ಜನ ಬಹಳ ಬೇಸರವಾಗುತ್ತದೆ ಅಂದರೆ ಮಾತ್ರ ಅದಕ್ಕೆ ಗಿರಾಕಿ ಇದ್ದಾರೆ ಅಂತ ಲೆಕ್ಕ. ಇದು ನಮಗೆ ಹಿಡಿಸಿತು. ಇದಕ್ಕೆ ದಾಕ್ಷಿಣ್ಯದ ಉತ್ತರ ಕೊಡುವುದು ಕಷ್ಟ. ಕೈಪಂಪ್ ಕೆಟ್ಟರೆ ಊರು ಗದ್ದಲ ಮಾಡುತ್ತದೆ, ಗ್ರಂಥಾಲಯದ ಗೋಡೆಯ ಗಡಿಯಾರ ನಿಂತರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಮಗೆ ಆ ಆ್ಯಪ್ ಏನಾಗಿತ್ತು? ಮೊದಲ ತಿಂಗಳು ಗಡಿಯಾರವೇ. ಅಳಿಸಿದ್ದರೆ ನೆನಪೂ ಆಗುತ್ತಿರಲಿಲ್ಲ. ಆದರೂ ಹತ್ತು ಅಂಕ.

ಒಂದು ಗುರುವಾರ ಹುಡುಗ ಮತ್ತೆ ಬಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಾಟ ಜೋರಾಗಿ ನಡೆಯುವ ದಿನ. ಈ ಸಲ ನಾವೊಂದು ಮಾತು ಹೇಳಿದ್ದೆವು, ನೀನು ಏನೂ ಕೇಳಬೇಡ, ನಮ್ಮ ಹಿಂದೆ ನಿಂತು ನೋಡು ಅಂತ. ಘಾಟಿಗೆ ಕೆಮ್ಮುತ್ತ, ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಬೆಳಿಗ್ಗೆಯಿಂದ ಸಂಜೆತನಕ ನಿಂತ. ಅವನು ನೋಡಿದ್ದೇನು? ಹಮಾಲರ ಕೂಗಿನ ನಡುವೆ ನಾವು ಫೋನನ್ನು ಬಾಯಿಯ ಹತ್ತಿರವಲ್ಲ, ಎದೆಯ ಹತ್ತಿರ ಹಿಡಿಯುತ್ತೇವೆ, ಇಲ್ಲದಿದ್ದರೆ ಎದುರಿಗಿದ್ದವರು ಹೆದರುತ್ತಾರೆ. ಒಂದು ಕೈಯಲ್ಲಿ ನೋಟ್‌ಬುಕ್ ಇರುವುದರಿಂದ ಮೇಲಿನ ಮೂಲೆಯ ಗುಂಡಿಗೆ ಹೆಬ್ಬೆರಳು ಮುಟ್ಟುವುದೇ ಇಲ್ಲ. ಡಬ್ಬಿ, ಕಡ್ಡಿ ಅಂತ ತಳಿಯ ಹೆಸರು ಹೇಳಿದರೆ ಆ್ಯಪ್ ಅದನ್ನು ತಿಂಡಿಯ ಡಬ್ಬಿ, ಬೆಂಕಿಕಡ್ಡಿ ಅಂದುಕೊಳ್ಳುತ್ತದೆ. ಯಾವಾಗೆಲ್ಲ ಫೋನ್ ಬದಲಾಗುತ್ತದೋ ಆಗೆಲ್ಲ ಓಟಿಪಿ ಕೇಳುತ್ತದೆ, ಸಿಮ್ ಇರುವುದು ಮನೆಯಲ್ಲಿ ಬಿಟ್ಟು ಬಂದ ಫೋನಿನಲ್ಲಿ. ಕೊನೆಗೆ ಬರೆದುಕೊಟ್ಟದ್ದನ್ನು ಕಾಪಿ ಮಾಡಿ ಕಳಿಸಿದರೆ, ನಮ್ಮ ಡೆಸ್ಕಿನ ಹಳೆಯ ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಯುನಿಕೋಡ್ ಹಿಡಿಸುವುದಿಲ್ಲ, ಅಲ್ಲಿ ಯಾರೋ ಕೂತು ಮತ್ತೆ ನುಡಿಗೆ ತಿರುಗಿಸಬೇಕು. ಇದ್ಯಾವುದೂ ಫಾರ್ಮಿನ ಯಾವ ಪ್ರಶ್ನೆಯಲ್ಲೂ ಇರಲಿಲ್ಲ. ನಮಗೂ ಹೇಳಬೇಕು ಅನ್ನಿಸಿರಲಿಲ್ಲ. ದಿನವೂ ಎಡವುವ ಹೊಸ್ತಿಲನ್ನು ನಾವು ಕಲ್ಲು ಅಂತ ನೋಡುವುದೇ ಇಲ್ಲ.

ಆ ದಿನಕ್ಕೆ ಅವನಿಂದ ದಿನಗೂಲಿ ಕೇಳಿ ತೆಗೆದುಕೊಂಡೆವು. ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇವೆ. ರೀಚಾರ್ಜ್ ಅಂದರೆ ಕಾಣಿಕೆ, ಕಾಣಿಕೆ ಇಸಿದುಕೊಂಡವನ ಬಾಯಲ್ಲಿ ‘ಸೂಪರ್’ ತಾನಾಗಿಯೇ ಬರುತ್ತದೆ. ಕೂಲಿ ಬೇರೆ. ಕೂಲಿ ತೆಗೆದುಕೊಂಡ ಮೇಲೆ ಕೆಲಸ ಕೊಡಬೇಕು, ಆ ಕೆಲಸ ಅಂದರೆ ಎಲ್ಲಿ ಕೆಟ್ಟಿದೆ ಅಂತ ಹೇಳುವುದು.

ಹಣಕ್ಕಿಂತ ಹೆಚ್ಚು ನಮ್ಮನ್ನು ಕಾಡಿದ್ದು ಇನ್ನೊಂದು. ಆ ಅವ್ವನ ದನಿ ಬೆಂಗಳೂರಿನ ಯಾವುದೋ ಕಂಪ್ಯೂಟರಿನಲ್ಲಿ ಕೂತಿತ್ತು. ನಾವು ಅವರನ್ನು ಕೇಳಿರಲಿಲ್ಲ. ಆ್ಯಪ್ ಪರೀಕ್ಷೆಗೆ ಒಪ್ಪಿಕೊಂಡದ್ದು ನಾವು, ಪರೀಕ್ಷೆಗೆ ಒಳಗಾದದ್ದು ಅವರು. ಹುಡುಗನಿಗೆ ಹೇಳಿ ಆ ರೆಕಾರ್ಡ್ ಅಳಿಸಿಸಿದೆವು. ನಿಮ್ಮ ಊರಿಗೂ ಸಂಘದ ಲೆಕ್ಕದ ಆ್ಯಪೋ ಬೆಳೆಯ ರೋಗ ಹೇಳುವ ಆ್ಯಪೋ ಪರೀಕ್ಷೆಗೆ ಬಂದರೆ, ಮೊದಲ ದಿನವೇ ನಿಜವಾದ ಆಧಾರ್ ನಂಬರು, ಪಾಸ್‌ಬುಕ್ ನಂಬರು, ಹತ್ತು ಹೆಂಗಸರ ಸಾಲದ ಲೆಕ್ಕ ತುಂಬಬೇಡಿ. ಇಲ್ಲದ ಹೆಸರು, ಇಲ್ಲದ ಲೆಕ್ಕ ಹಾಕಿ ನೋಡಿ. ಎರಡು ತಿಂಗಳಾದ ಮೇಲೆ ಇದೆಲ್ಲ ಏನಾಗುತ್ತದೆ ಅಂತ ಕೇಳಿ. ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಪೆನ್ನಿನ ಲೆಕ್ಕವೂ ಪಕ್ಕದಲ್ಲಿ ನಡೆಯುತ್ತಿರಲಿ. ನಾವು ರೆಕಾರ್ಡ್ ಇಟ್ಟುಕೊಂಡಿರದಿದ್ದರೆ ಅವ್ವನ ಮಾತೇ ಸುಳ್ಳಾಗುತ್ತಿತ್ತು.

ಒಂದು ತಿಂಗಳು ಬಿಟ್ಟು ಆ್ಯಪಿನ ಹೊಸ ರೂಪ ಬಂತು. ಈಗ ವರದಿಯಲ್ಲಿ ಇಲ್ಲ, ಬೇಡ, ಆಗದು ಅನ್ನುವ ಮಾತು ಎಲ್ಲಿ ಬಂದರೂ, ಅಂಕಿ ಎಲ್ಲಿ ಬಂದರೂ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಮೂಲ ಮಾತಿನಲ್ಲಿ ‘ಇಲ್ಲ’ ಇದ್ದು ಬರೆದದ್ದರಲ್ಲಿ ಇಲ್ಲದಿದ್ದರೆ ಇಡೀ ಸಾಲೇ ಕೆಂಪಾಗುತ್ತದೆ. ಗೆರೆಯನ್ನು ಒತ್ತಿದರೆ ಆ ಚೂರು ದನಿಯಷ್ಟೇ ಕೇಳಿಸುತ್ತದೆ. ನಾವು ಕೇಳಿದ್ದು ಇದನ್ನೇ. ಗುಂಪಿನಲ್ಲಿ ಹೆಬ್ಬೆಟ್ಟುಗಳು ಬಿದ್ದವು. ನಾವು ಬರೆದೆವು: ‘ಗೆರೆ ಚಲೋ ಆಗೇದ. ಬಿಸಿಲಿನಲ್ಲಿ ಕೆಂಪು ಕಾಣಂಗಿಲ್ಲ, ದಪ್ಪ ಮಾಡ್ರಿ.’ ದಪ್ಪ ಮಾಡಿದ.

ಆ ಕಂಪನಿ ಈಗ ವರದಿಗಾರರ ಕೆಲಸ ಬಿಟ್ಟಿದೆ. ನಮ್ಮಂಥವರು ತಿಂಗಳಿಗೆ ದುಡ್ಡು ಕೊಟ್ಟು ಕೊಳ್ಳುವವರಲ್ಲ ಅಂತ ಗೊತ್ತಾಗಿ, ಇದೇ ಯಂತ್ರವನ್ನು ಬೇರೆ ಯಾವುದೋ ಉದ್ಯಮಕ್ಕೆ ಹೊಂದಿಸುತ್ತಿದ್ದಾರೆ. ಕೊಳ್ಳುತ್ತೀರಾ ಅಂತ ಅವನು ಕೇಳಿದಾಗ ಈ ಸಲ ಇಲ್ಲ ಅಂದೆವು. ಜಿಲ್ಲಾ ಸಂಯೋಜಕನ ಆಸೆಯೂ ಅಲ್ಲಿಗೆ ಮುಗಿಯಿತು. ಹಳೆಯ ಆ್ಯಪ್ ನಮ್ಮ ಫೋನಿನಲ್ಲಿ ಸದ್ಯಕ್ಕೆ ಓಡುತ್ತಿದೆ, ಎಷ್ಟು ದಿನವೋ.

ಹೋದ ವಾರ ಅವ್ವನ ಊರಿನ ಕಡೆ ಕೆಲಸವಿತ್ತು, ಹೋಗಿದ್ದೆವು. ಶೆಡ್ಡಿನ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಚಹಾ ಕೊಟ್ಟರು. ಫೋನು ಕಂಡು, ‘ಈಗರ ಅದಕ್ಕ ನನ್ನ ಮಾತ ತಿಳಿತೈತೇನು?’ ಅಂದರು. ಹೇಳಿ ನೋಡ್ರಿ ಅವ್ವಾ, ಅಳಿಸಿಬಿಡ್ತೇವಿ ಅಂದೆವು. ಫೋನಿನ ಹತ್ತಿರ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ‘ರೊಕ್ಕ ಇನ್ನಾ ಬಂದಿಲ್ಲ’ ಅಂದರು. ಮೊಮ್ಮಗ ಓದಿದ: ‘ಹಣ ಇನ್ನೂ ಬಂದಿಲ್ಲ.’ ಕೆಳಗೆ ಕೆಂಪು ಗೆರೆ, ದಪ್ಪವಾಗಿ.

‘ಹಂಗಾರ ಅಳಿಸಬ್ಯಾಡ್ರಿ. ಇದನ್ನ ಪೇಪರಿಗೆ ಹಾಕ್ರಿ’ ಅಂದರು.

ಮತ್ತೊಮ್ಮೆ ಕಚೇರಿಗೆ ಹೋಗಿ ವಿಚಾರಿಸಿ, ಅರ್ಜಿಯ ತಾರೀಖು ಬರೆದುಕೊಂಡು, ಸೈಬರ್ ಸೆಂಟರಿನಲ್ಲಿ ಕೂತು ನುಡಿಯಲ್ಲಿ ಟೈಪ್ ಮಾಡಿ ಕಳಿಸಿದೆವು. ಸೋಮವಾರದ ಪುಟದಲ್ಲಿ ಬಂದಿದೆ, ಈ ಸಲ ಮೂಲೆಯಲ್ಲಿ ಅಲ್ಲ.